ಮೇಲಿನ ಭಾವ, ಕೆಳಗಿನ ಭಾವ

ಭಾನುವಾರ, ಮಾರ್ಚ್ ೯
ಮಧ್ಯಾಹ್ನ

ಇವಳೇ,

ಕಾಗದ ನೋಡಿದ ಕೂಡಲೇ ಎದೆ ಹಿಡಿದುಕೊಂಡು ಕೂರಬೇಡ. ನಾನು ಚೆನ್ನಾಗಿದ್ದೇನೆ. ನಿನ್ನ ಅಣ್ಣ ಊಟ ಮುಗಿಸಿ ಒಳಗಿನ ಕೋಣೆಯಲ್ಲಿದ್ದಾನೆ. ನೀನು ಹೋಗಿ ತಿಂಗಳಾಗುತ್ತ ಬಂತು. ಬರೆಯುತ್ತೇನೆ ಎಂದು ಬಸ್ ಸ್ಟ್ಯಾಂಡಿನಲ್ಲಿ ದೊಡ್ಡದಾಗಿ ಹೇಳಿ ಕಳಿಸಿದವನು ಒಂದು ಸಾಲೂ ಬರೆಯಲಿಲ್ಲ, ಬೈದುಕೋ. ಫೋನ್ ಇರುವಾಗ ಕಾಗದ ಯಾಕೆ ಎಂದು ಆವತ್ತು ನೀನೇ ನಕ್ಕಿದ್ದೆ. ಆದರೆ ಈ ವಾರ ಫೋನಿನಲ್ಲಿ ಹೇಳಲಾಗದ ಮಾತೊಂದಿದೆ. ನೀನು ಫೋನ್ ಮಾಡಿದಾಗೆಲ್ಲ ಅವನು ಮಗ್ಗುಲಲ್ಲೇ ಇರುತ್ತಾನೆ. ನನ್ನ ಕೈಯಿಂದ ಕಿತ್ತುಕೊಂಡು "ಏನಮ್ಮಾ, ಇನ್ನೂ ಅಜ್ಜಿ ಆಗ್ಲಿಲ್ವಾ?" ಎಂದು ಶುರು ಮಾಡುತ್ತಾನೆ. ಶುಕ್ರವಾರ ಒಬ್ಬನೇ ಇದ್ದಾಗ ನಾನೇ ಮಾಡಿದೆ. ನೀನು "ಹಲೋ" ಅಂದೆ. ನಾನು ಅನ್ನಕ್ಕೆ ಎಷ್ಟು ನೀರಿಡಬೇಕು ಎಂದು ಕೇಳಿ ಇಟ್ಟುಬಿಟ್ಟೆ. ಅನ್ನಕ್ಕೆ ನೀರಿಡಲು ನನಗೆ ಬರುತ್ತದೆ, ನಿನಗೂ ಗೊತ್ತು.

ನಮ್ಮ ಕ್ರೇನಿನ ಮೆಕ್ಯಾನಿಕ್ ನಾಳೆ ಬೆಳಿಗ್ಗೆ ನಿಮ್ಮೂರಿನ ಕಡೆ ಹೊರಟಿದ್ದಾನೆ. ಇದನ್ನು ನಿನ್ನ ಕೈಗೇ ಕೊಡಬೇಕು, ಮಗಳ ಕೈಗೂ ಕೊಡಕೂಡದು ಎಂದು ಹೇಳಿದ್ದೇನೆ. ದಿನ ತುಂಬಿದ ಹುಡುಗಿ, ಅವಳು ಓದುವುದು ಬೇಡ. ಕಾಲಿನ ಊತ ಇಳಿಯಿತೇ ಅವಳಿಗೆ? ಅಳಿಯ ರೈಲು ಹತ್ತಿ ಹೋದರೆ ಅತ್ತ ಇತ್ತ ಸುದ್ದಿಯೇ ಇರುವುದಿಲ್ಲ ಎಂದು ನೀನು ಗೊಣಗುತ್ತಿದ್ದೆ. ಎಂಜಿನ್ ಓಡಿಸುವವನು ಹೆಂಡತಿಗೆ ಹೊಟ್ಟೆನೋವು ಬಂತೆಂದು ನಡುದಾರಿಯಲ್ಲಿ ಇಳಿದು ಬರಲಾಗುತ್ತದೆಯೇ, ಪಾಪ.

ಇಲ್ಲಿ ಕಟ್ಟಡ ಮುಗಿಯುತ್ತ ಬಂತು. ನೀನು ಹೋಗುವಾಗ ನೋಡಿದ್ದು ಇದೇನಾ ಎನ್ನಬೇಕು, ಹಾಗಾಗಿದೆ. ಬೂದು ಸಿಮೆಂಟೆಲ್ಲ ಗಾಜಿನ ಹಿಂದೆ ಮರೆಯಾಯಿತು. ಕೆಳಗಿನ ಅಂತಸ್ತುಗಳಿಗೆ ಅಂಗಡಿಗಳ ಬೋರ್ಡು ಬಂದಿವೆ, ಬೋರ್ಡಿನ ಹಿಂದೆ ಅಂಗಡಿ ಇನ್ನೂ ಇಲ್ಲ. ಅದರ ಮೇಲೆ ಆಫೀಸುಗಳು. ಕುರ್ಚಿಗಳು ಪ್ಲಾಸ್ಟಿಕ್ ಹೊದ್ದುಕೊಂಡು ಸಾಲಾಗಿ ಕೂತಿವೆ, ಸಾಹೇಬರು ಬರಲಿ ಎಂದು ಕಾಯುವವರ ಹಾಗೆ. ಅದರ ಮೇಲೆ ಮನೆಗಳು, ಮನೆಗಳ ಮೇಲೆ ಹೋಟೆಲು, ಹೋಟೆಲಿನ ತಾರಸಿಯಲ್ಲಿ ಈಜುಕೊಳ. ಮೋಡಕ್ಕೆ ಕಾಲು ಚಾಚಿ ಈಜುವವರು ಯಾರೋ, ಅವರ ಪುಣ್ಯ. "ಇಲ್ಲಿ ಹುಟ್ಟಿದವನು ಬೀದಿ ಮೆಟ್ಟದೇನೇ ಮುದುಕ ಆಗ್ಬಹುದು ಕಣೋ. ಮೇಲೆ ಮಲಗೋದು, ಕೆಳಗೆ ದುಡಿಯೋದು, ಇನ್ನೂ ಕೆಳಗೆ ತರಕಾರಿ. ಮಧ್ಯೆ ಲಿಫ್ಟು" ಎಂದು ನಿನ್ನ ಅಣ್ಣ ಹೇಳುತ್ತಿದ್ದ. ಹಳೆಯ ಚಿತ್ರಮಂದಿರವನ್ನು ಕೆಡವಿದ್ದಾರೆ. ನಾವಿಬ್ಬರೂ ಕೊಡೆ ಬಿಟ್ಟು ಬಂದಿದ್ದೆವಲ್ಲ, ಅದೇ. ಅದರ ಜಾಗದಲ್ಲಿ ಗುಂಡಿ ತೋಡಿ ಇನ್ನೊಂದು ಕ್ರೇನು ನಿಲ್ಲಿಸಿದ್ದಾರೆ. ನಾನು ಮೊದಲ ದಿನ ಮೇಲೆ ಹತ್ತಿದಾಗ ಸುತ್ತ ಕಾಣುತ್ತಿದ್ದುದು ಹೆಂಚು ಮತ್ತು ನೀರಿನ ಟ್ಯಾಂಕು. ಈಗ ಎತ್ತ ನೋಡಿದರೂ ನನ್ನಂಥವನೇ ಒಬ್ಬ ಕ್ರೇನಿನ ಡಬ್ಬಿಯೊಳಗೆ ಕೂತಿರುವುದು ಕಾಣುತ್ತದೆ.

ತಾರಸಿಯ ಉಳಿದ ಯಂತ್ರಗಳು ಮೇಲೆ ಹೋದರೆ ನನ್ನ ಕೆಲಸ ಮುಗಿಯಿತು. ಆಮೇಲೆ ಕ್ರೇನನ್ನೇ ಬಿಚ್ಚಿ ಇಳಿಸುತ್ತಾರೆ. ಆದರೆ ಗಾಳಿ ಬಿಡುತ್ತಿಲ್ಲ. ಗಾಳಿ ಮಿತಿ ಮೀರಿದರೆ ಹುಕ್ಕು ಖಾಲಿ ಮಾಡಿ ಕ್ರೇನಿನ ತೋಳನ್ನು ಸಡಿಲ ಬಿಡಬೇಕು, ಅದು ಗಾಳಿ ತಳ್ಳಿದ ಕಡೆ ತಾನೇ ತಿರುಗಿಕೊಳ್ಳುತ್ತದೆ. ಹಿಡಿದು ನಿಲ್ಲಿಸಲು ಹೋದರೆ ಕಂಬಕ್ಕೇ ಪೆಟ್ಟು. ಇದು ನನಗೆ ಇಂದು ನಿನ್ನೆಯ ವಿದ್ಯೆಯಲ್ಲ. ಆದರೂ ಈ ವಾರ ತೋಳು ತಾನಾಗಿ ತಿರುಗುವಾಗೆಲ್ಲ ನಾನು ಲಿವರಿನ ಮೇಲೆ ಕೈಯಿಟ್ಟೇ ಕೂತಿರುತ್ತೇನೆ. ರಾತ್ರಿ ಗೋಡೆ ಗಡಿಯಾರ ಟಿಕ್ ಎಂದರೂ ಎಚ್ಚರವಾಗುತ್ತದೆ.

ನೋಡು, ಸುತ್ತಿ ಸುತ್ತಿ ಬಳಸುತ್ತಿದ್ದೇನೆ. ವಿಷಯಕ್ಕೆ ಬರುತ್ತೇನೆ. ವಿಷಯ ನಿನ್ನ ಅಣ್ಣನದು.

ಸೈಟಿನಲ್ಲಿ ನಮ್ಮಿಬ್ಬರ ಹೆಸರು ಯಾರಿಗೂ ಬೇಕಾಗಿಲ್ಲ ಎಂದು ನಿನಗೆ ಗೊತ್ತು. ಅವನು ನನ್ನನ್ನು ಭಾವ ಅನ್ನುತ್ತಾನೆ, ನಾನು ಅವನನ್ನು ಭಾವ ಅನ್ನುತ್ತೇನೆ. ವಾಕಿಟಾಕಿಯಲ್ಲಿ ದಿನವಿಡೀ ಇದೇ ಕೇಳಿ ಕೇಳಿ ಜನ ನನಗೆ ಮೇಲಿನ ಭಾವ, ಅವನಿಗೆ ಕೆಳಗಿನ ಭಾವ ಎಂದು ಹೆಸರಿಟ್ಟಿದ್ದಾರೆ. ನಾನು ಎತ್ತುವವನು, ಅವನು ಹೇಳುವವನು. ಕಣ್ಣಿಗೆ ಕಾಣುವ ಭಾರವನ್ನು ಯಾರಾದರೂ ಇಳಿಸಬಹುದು. ಕಟ್ಟಡದ ಆ ಬದಿಗೆ, ಗೋಡೆಯಾಚೆಗೆ ಇಳಿಸುವಾಗ ನನಗೆ ಹಗ್ಗ ಬಿಟ್ಟರೆ ಏನೂ ಕಾಣುವುದಿಲ್ಲ. ಆಗ ಅವನ ಬಾಯೇ ನನ್ನ ಕಣ್ಣು. ಭಾರ ಇಳಿಯುವಷ್ಟು ಹೊತ್ತೂ ಅವನು ಮಾತು ನಿಲ್ಲಿಸಬಾರದು. ಮಾತು ನಿಂತರೆ ನನ್ನ ಕೈ ನಿಲ್ಲಬೇಕು. ಅವನಲ್ಲದೆ ಬೇರೆ ಯಾರು ಹೇಳಿದರೂ ನಾನು ಎತ್ತಬಾರದು, ಇಳಿಸಬಾರದು. ನಮ್ಮ ಕೆಲಸದ ಕಟ್ಟಳೆ ಇಷ್ಟೇ. ಮದುವೆಗಿಂತ ಮುಂಚಿನಿಂದ ಆ ದನಿ ನನ್ನ ಕಿವಿಯಲ್ಲಿದೆ. ಲೆಕ್ಕ ಹಾಕಿದರೆ ನಿನ್ನ ದನಿಗಿಂತ ಅವನದನ್ನೇ ಹೆಚ್ಚು ಕೇಳಿದ್ದೇನೇನೋ, ಮುನಿಸಿಕೊಳ್ಳಬೇಡ.

ನೀನು ಹೋದ ಮೇಲೆ ಒಂದು ದಿನ ಆ ಮಾತು ನಿಂತಿತು. ಕಿಟಕಿಯ ಚೌಕಟ್ಟುಗಳ ಕಟ್ಟನ್ನು ಹಿಂಬದಿಗೆ ಇಳಿಸುತ್ತಿದ್ದೆವು. "ಇಳಿಸು, ಇಳಿಸು" ಎನ್ನುತ್ತಿದ್ದವನು ಸುಮ್ಮನಾದ. ನಾನು ನಿಲ್ಲಿಸಿದೆ. "ಭಾವ?" ಅಂದೆ. ಉತ್ತರವಿಲ್ಲ. ಎರಡನೆಯ ಸಲ ಕರೆಯುವಷ್ಟರಲ್ಲಿ "ಇಳಿಸು" ಎಂದು ಬಿಟ್ಟಲ್ಲಿಂದಲೇ ಹಿಡಿದುಕೊಂಡ. ಸಂಜೆ ಕೇಳಿದರೆ ಬ್ಯಾಟರಿ ಅಂದ. ಸರಿ, ಬ್ಯಾಟರಿ ಇರಬಹುದು. ಹೊಸ ಬ್ಯಾಟರಿ ಹಾಕಿಸಿದೆ.

ಆಮೇಲೆ ಇಲ್ಲಿ, ಮನೆಯಲ್ಲಿ. ಬೆಳಿಗ್ಗೆ ಟೀ ಬಗ್ಗಿಸುತ್ತಿದ್ದ. ಲೋಟ ತುಂಬಿತು, ತುಳುಕಿತು, ಮೇಜಿನಿಂದ ಹರಿದು ಅವನ ಕಾಲ ಮೇಲೇ ಬಿತ್ತು. ಸುಡುವ ಟೀ. ಅವನು ಬಗ್ಗಿಸುತ್ತಲೇ ಇದ್ದ. ಕಣ್ಣು ತೆರೆದೇ ಇದ್ದವು, ಆದರೆ ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ತೆರೆದಿರುತ್ತದಲ್ಲ, ಹಾಗೆ. ನಾನು ಪಾತ್ರೆ ಕಿತ್ತುಕೊಂಡ ಮೇಲೆ ಬೆಚ್ಚಿಬಿದ್ದು ನನ್ನನ್ನೇ ಗದರಿದ: "ಏನೋ ಇದು, ಮೇಲೆಲ್ಲ ಚೆಲ್ಲಿದ್ದೀಯಲ್ಲ!"

"ನಾನಲ್ಲ ಭಾವ, ನೀನು."

"ನಾನಾ? ಹೋಗೋ. ತಂಗಿ ಇಲ್ಲದ್ದಕ್ಕೆ ನಿನಗೆ ತಲೆ ಕೆಟ್ಟಿದೆ."

ಡಾಕ್ಟರ ಹತ್ತಿರ ಹೋಗೋಣ ಎಂದೆ. ಕಟ್ಟಡ ಮುಗೀಲಿ ಎಂದ. ಮತ್ತೆ ಹೇಳಿದೆ. "ನನ್ನನ್ನ ಮೂಲೆಗೆ ಕೂರಿಸೋಕೆ ಅಷ್ಟು ಅವಸರವಾ?" ಎಂದು ನಗುತ್ತಲೇ ಕೇಳಿದ. ಪ್ರತಿದಿನ ಏಣಿ ಹತ್ತುವಾಗ, ಇವತ್ತೊಂದು ದಿನ ಕಳೆದರೆ ಸಾಕು ಅಂದುಕೊಂಡು ಹತ್ತುತ್ತಿದ್ದೆ. ಅವನು ಒಂದು ಸಲ ಹೇಳಿದ್ದನ್ನು ಎರಡು ಸಲ ಕೇಳುತ್ತಿದ್ದೆ. "ಕಿವುಡಾದ್ಯಾ ಭಾವ?" ಎಂದು ಅವನು ವಾಕಿಟಾಕಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ರೇಗಿಸುತ್ತಿದ್ದ. ಕಟ್ಟಡವೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ.

ಈ ಬುಧವಾರ ಆದದ್ದು ಹೀಗೆ. ಗಾಳಿ ಬೆಳಿಗ್ಗೆ ಸ್ವಲ್ಪ ಬಿಡುವು ಕೊಟ್ಟಿತ್ತು. ಈಜುಕೊಳದ ತಾರಸಿಗೆ ನೀರು ಸೋಸುವ ಯಂತ್ರ ಇಳಿಸಬೇಕು. ಆ ತಾರಸಿಗೂ ನನಗೂ ಮಧ್ಯೆ ಲಿಫ್ಟಿನ ಯಂತ್ರವಿರುವ ಕೋಣೆಯ ಗೋಡೆ. ಗೋಡೆಯಾಚೆ ಅವನು ಮತ್ತು ಮೂವರು ಫಿಟ್ಟರುಗಳು. ಅವರ ಮೇಸ್ತ್ರಿಯನ್ನು ನೀನು ನೋಡಿದ್ದೀಯ, ದಪ್ಪ ಮೀಸೆಯವನು, ಒಂದು ಸಲ ಮನೆಗೆ ಬಂದಿದ್ದ. ಯಂತ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಿ ಬೋಲ್ಟುಗಳ ಮೇಲೆ ಸರಿಯಾಗಿ ಕೂರಿಸುವುದು ಅವರ ಕೆಲಸ.

"ಇಳಿಸು, ಇಳಿಸು, ಇಳಿಸು."

ನೆಲ ಹತ್ತಿರವಾದ ಹಾಗೆ ನಿನ್ನ ಅಣ್ಣನ ದನಿ ತಗ್ಗುತ್ತದೆ. ಮಲಗಿದ ಮಗುವಿನ ಪಕ್ಕ ಮಾತಾಡುವವರ ಹಾಗೆ "ಇಳಿ... ಇಳಿ... ಒಂಚೂರು... ಸಾಕು" ಅನ್ನುತ್ತಾನೆ. ಆವತ್ತು ತಗ್ಗಲಿಲ್ಲ. ಒಂದೇ ಸಮ, ಒಂದೇ ಎತ್ತರ, "ಇಳಿಸು, ಇಳಿಸು." ಹಗ್ಗ ಎಷ್ಟು ಇಳಿದಿದೆ ಎಂದು ನೋಡಿದೆ. ಇಷ್ಟು ಹೊತ್ತಿಗೆ ಸಾಕು ಅನ್ನಬೇಕಿತ್ತು. ಕೈ ತಡೆದೆ.

"ಭಾವ, ಇನ್ನೆಷ್ಟಿದೆ?"

"ಇಳಿಸು, ಇಳಿಸು."

"ನಿಲ್ಸಿದ್ದೀನಿ ಭಾವ. ಎಷ್ಟಿದೆ ಹೇಳು."

"ಇಳಿಸು."

ಅಷ್ಟರಲ್ಲಿ ಅದೇ ವಾಕಿಟಾಕಿಯಲ್ಲಿ ಬೇರೆ ದನಿ ನುಗ್ಗಿತು. ಮೀಸೆಯವನದು, ನಿನ್ನ ಅಣ್ಣನ ಕೈಯಿಂದ ಕಿತ್ತುಕೊಂಡಿರಬೇಕು. "ಎತ್ತು! ಮೇಲಿನ ಭಾವ, ಎತ್ತು! ಕಾಲು, ಇವನ ಕಾಲು!" ಅದರ ಹಿಂದೆ ಯಾರೋ ಚೀರುತ್ತಿದ್ದರು. ಅದರ ಹಿಂದೆ, ದೂರದಲ್ಲಿ, ಇನ್ನೂ ಅದೇ: "ಇಳಿಸು, ಇಳಿಸು."

ಇವಳೇ, ನಾನು ಏನು ಮಾಡಬೇಕಿತ್ತು? ಕಾಣುವುದಿಲ್ಲ. ತಪ್ಪಾಗಿ ಎತ್ತಿದರೆ ಯಂತ್ರ ಓಲಾಡಿ ಇನ್ನಿಬ್ಬರನ್ನು ಗೋಡೆಗೆ ಒತ್ತಬಹುದು. ಎತ್ತದಿದ್ದರೆ ಒಬ್ಬನ ಕಾಲು. ಕಿವಿಯಲ್ಲಿ ಎರಡು ದನಿ, ಒಂದು ಜೀವಮಾನವಿಡೀ ನಂಬಿದ್ದು, ಇನ್ನೊಂದು ಯಾರದೋ. ನಾನು ಯಾರದೋ ಮಾತು ಕೇಳಿದೆ. ಎತ್ತಿದೆ. ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು. "ಸಾಕು, ಬಂತು, ಬಂತು, ಹಿಡ್ಕೋ" ಎಂದು ಮೀಸೆಯವನು ಕೂಗಿದ. ಆಮೇಲೆ ವಾಕಿಟಾಕಿಯಲ್ಲಿ ಬರೀ ಉಸಿರು.

ಬೂಟಿನ ಮುಂದಿನ ಕಬ್ಬಿಣ ಆ ಫಿಟ್ಟರಿನ ಕಾಲನ್ನು ಉಳಿಸಿತು. ಎರಡು ಬೆರಳು ಜಜ್ಜಿ ಹೋಗಿವೆ, ಕಾಲು ಇದೆ. ಆಸ್ಪತ್ರೆಗೆ ಹೋಗಿ ನೋಡಿ ಬಂದೆ. ಅವನ ಹೆಂಡತಿ ನನ್ನ ಎರಡೂ ಕೈ ಹಿಡಿದು "ನೀವು ದೇವರ ಹಾಗೆ" ಅಂದಳು. ನಾನು ಕೈ ಬಿಡಿಸಿಕೊಂಡು ಬಂದೆ. ನಾನು ಬೇರೆ ಏನೋ ಆಗಿದ್ದೆ ಆ ಹೊತ್ತಿಗಾಗಲೇ.

ಯಾಕೆಂದರೆ ಅದಕ್ಕೂ ಮುಂಚೆ ಸೈಟ್ ಆಫೀಸಿನಲ್ಲಿ ಇನ್ನೊಂದು ಆಗಿತ್ತು. ಕ್ರೇನಿನಿಂದ ಓಡಿ ಇಳಿಯಲಾಗುವುದಿಲ್ಲ. ಏಣಿಯ ಒಂದೊಂದು ಮೆಟ್ಟಿಲನ್ನೂ ಹಿಡಿದೇ ಇಳಿಯಬೇಕು. ನಾನು ತಲುಪುವಷ್ಟರಲ್ಲಿ ನಿನ್ನ ಅಣ್ಣ ಎಂಜಿನಿಯರ್ ಎದುರು ನಿಂತಿದ್ದ. ಎಂಜಿನಿಯರ್ ನಮ್ಮ ಮಗಳ ವಯಸ್ಸಿನ ಹೆಣ್ಣುಮಗಳು, ಒಳ್ಳೆಯವಳು. ಎಲ್ಲರಿಗೂ ಮೊದಲು ನೀರು ಕೊಟ್ಟು ಕೂರಿಸಿ ಆಮೇಲೆ ಕೇಳಿದಳು.

"ವಾಕಿಟಾಕಿ ಕೈಕೊಡ್ತು ಮೇಡಂ" ಎಂದ ನಿನ್ನ ಅಣ್ಣ. "ನಾನು ನಿಲ್ಲು ಅಂದೆ. ಮೂರು ಸಲ ಅಂದೆ. ಮೇಲೆ ಕೇಳಿಸಲಿಲ್ಲ. ಕೇಳಿ ಬೇಕಾದ್ರೆ ನಮ್ ಭಾವನ್ನ."

ಅವನು ಸುಳ್ಳು ಹೇಳಿದ ಎಂದುಕೊಳ್ಳಬೇಡ. ಅವನ ಮುಖ ನನಗೆ ಗೊತ್ತು. ಅವನ ಮಟ್ಟಿಗೆ ಅವನು ನಿಲ್ಲು ಅಂದಿದ್ದ. ಅದನ್ನು ನೋಡಿಯೇ ನನಗೆ ಹೆದರಿಕೆಯಾದದ್ದು. ಸುಳ್ಳಾಗಿದ್ದರೆ ಎಷ್ಟೋ ವಾಸಿಯಿತ್ತು.

ಆ ಹುಡುಗಿ ನನ್ನ ಕಡೆ ತಿರುಗಿದಳು. "ಹೌದಾ? ಕೇಳಿಸ್ಲಿಲ್ವಾ ನಿಮಗೆ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ವಾಕಿಟಾಕಿ ಬದಲಾಗುತ್ತಿತ್ತು, ಮರುದಿನ ಅವನು ಮತ್ತೆ ಅದೇ ತಾರಸಿಯಲ್ಲಿ ನಿಂತಿರುತ್ತಿದ್ದ. ಮೀಸೆಯವನು ಬಾಗಿಲ ಹತ್ತಿರ ನೆಲ ನೋಡುತ್ತಿದ್ದ. ಅವನೂ ಬಾಯಿ ಬಿಡಲಿಲ್ಲ. ನಿನ್ನ ಅಣ್ಣನ ಮೇಲೆ ಎಲ್ಲರಿಗೂ ಅಷ್ಟು ಪ್ರೀತಿ.

"ಕೇಳಿಸ್ತು ಮೇಡಂ" ಅಂದೆ. "ವಾಕಿಟಾಕಿ ಚೆನ್ನಾಗೇ ಇತ್ತು. ಅವನು ನಿಲ್ಲು ಅನ್ಲಿಲ್ಲ. ಅವನಿಗೆ ಮೈ ಸರಿಯಿಲ್ಲ. ಇದು ಮೊದಲ ಸಲ ಅಲ್ಲ. ಇನ್ನು ಅವನ ಮಾತಿನ ಮೇಲೆ ನಾನು ಭಾರ ಎತ್ತಲ್ಲ."

ಅವನಿಗೆ ಕೋಪ ಬಂದಿದ್ದರೆ ಚೆನ್ನಾಗಿತ್ತು. ಎದ್ದು ಕೆನ್ನೆಗೆ ಎರಡು ಬಾರಿಸಿದ್ದರೂ ಚೆನ್ನಾಗಿತ್ತು. ಅವನು ನನ್ನನ್ನು ನೋಡಿದ. ನೋಡುತ್ತಲೇ ಹೆಲ್ಮೆಟ್ ತೆಗೆದು ಮೇಜಿನ ಮೇಲೆ ಇಟ್ಟ, ಅದು ಉರುಳದಂತೆ ಕೈಯಲ್ಲಿ ಒತ್ತಿ ಸರಿಮಾಡಿದ, ಹೊರಗೆ ಹೋದ.

ಸೈಟಿನ ಡಾಕ್ಟರು ಅವನನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿಸಿದರು. ಮೆದುಳಿನಲ್ಲಿ ಆಗಾಗ ಬಂದು ಹೋಗುವ ಸಣ್ಣ ಫಿಟ್ಸ್ ಇರಬಹುದಂತೆ. ಇದರಲ್ಲಿ ಬೀಳುವುದು, ಒದ್ದಾಡುವುದು ಏನೂ ಇಲ್ಲವಂತೆ. ಮನುಷ್ಯ ನಿಂತೇ ಇರುತ್ತಾನೆ, ಕೈ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿರುತ್ತದೆ, ಬಾಯಿ ಆಡುತ್ತಿದ್ದ ಮಾತನ್ನೇ ಆಡುತ್ತಿರುತ್ತದೆ, ಅವನು ಮಾತ್ರ ಅಲ್ಲಿರುವುದಿಲ್ಲ. ಆಮೇಲೆ ಅವನಿಗೆ ನೆನಪೂ ಇರುವುದಿಲ್ಲ. ತಲೆಯ ಸ್ಕ್ಯಾನ್ ಆಗಬೇಕು, ಔಷಧಿ ಇದೆ, ಬೇಗ ಶುರುವಾದರೆ ಹಿಡಿತಕ್ಕೆ ಬರುತ್ತದೆ ಎಂದರು. ಅಲ್ಲಿಯವರೆಗೆ ಎತ್ತರ ಹತ್ತಬಾರದು, ಗಾಡಿ ಮುಟ್ಟಬಾರದು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅವನು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಮರುದಿನ ನಾನು ಬಟ್ಟೆ ಒಗೆದಾಗ ಮುದ್ದೆಯಾಗಿ ಸಿಕ್ಕಿತು.

ಆವತ್ತಿನಿಂದ ಮನೆ ಹೇಗಿದೆ ಎಂದು ನಿನಗೆ ಹೇಗೆ ತಿಳಿಸಲಿ. ಜಗಳವಿಲ್ಲ. ಅಡುಗೆ ಮಾಡುತ್ತಾನೆ, ನನಗೆ ಬಡಿಸುತ್ತಾನೆ. ಆದರೆ ನನ್ನನ್ನು "ನೀವು" ಅನ್ನುತ್ತಿದ್ದಾನೆ. "ಊಟಕ್ಕೆ ಏಳಿ." "ಸ್ನಾನಕ್ಕೆ ನೀರು ಬಿಸಿಯಿದೆ, ಹೋಗಿ." ಮೊದಲ ಸಲ ಕೇಳಿದಾಗ ಹಿಂದೆ ಯಾರೋ ನಿಂತಿದ್ದಾರೆ ಎಂದುಕೊಂಡು ತಿರುಗಿ ನೋಡಿದೆ. ನೀನು ಫೋನ್ ಮಾಡಿದಾಗ ಮಾತ್ರ ಎಂದಿನ ಹಾಗೆ ನಗುತ್ತಾನೆ, ನನ್ನ ಹೆಗಲ ಮೇಲೆ ಕೈ ಹಾಕುತ್ತಾನೆ. ಫೋನ್ ಇಟ್ಟ ಮೇಲೆ ಕೈ ತೆಗೆಯುತ್ತಾನೆ.

ಅವನ ಜಾಗಕ್ಕೆ ಹೊಸದಾಗಿ ಒಬ್ಬಳು ಹುಡುಗಿ ಬಂದಿದ್ದಾಳೆ. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬಂತು ಎಂದು ಹೇಳುವವಳ ಹಾಗೆ ಅಚ್ಚುಕಟ್ಟು ದನಿ. ತಪ್ಪು ಹುಡುಕಲಾರೆ. ಆದರೂ ಅವಳು ಇಳಿಸು ಅಂದಾಗೆಲ್ಲ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ. ಅವಳಿಗೂ ಗೊತ್ತಾಗಿದೆ. "ಸರ್, ನಾನು ಇದ್ದೀನಿ, ನೋಡ್ತಿದ್ದೀನಿ" ಎಂದು ತಾನಾಗಿಯೇ ಹೇಳುತ್ತಾಳೆ. ಶುಕ್ರವಾರ ಗಾಳಿ ಬಿಟ್ಟ ಸಣ್ಣ ಸಂದಿನಲ್ಲಿ ಇಬ್ಬರೂ ಸೇರಿ ತಂಪು ಮಾಡುವ ದೊಡ್ಡ ಯಂತ್ರವನ್ನು ತುತ್ತತುದಿಗೆ ಕೂರಿಸಿದೆವು. ಚಪ್ಪಾಳೆ ಹೊಡೆದರು. ಎಂಜಿನಿಯರ್ ಎಲ್ಲರಿಗೂ ಸಿಹಿ ಹಂಚಿದಳು. ಸಂಜೆ ಗೇಟಿನ ಕಾವಲುಗಾರ ನನ್ನನ್ನು ಪಕ್ಕಕ್ಕೆ ಕರೆದ.

"ನಿಮ್ಮ ಭಾವ ಬಂದಿದ್ರು ಸಾರ್. ಒಳಗೆ ಬನ್ನಿ ಅಂದೆ, ಬರ್ಲಿಲ್ಲ. ರಸ್ತೆ ಆಚೆ ಔಷಧಿ ಅಂಗಡಿ ಮುಂದೆ ನಿಂತಿದ್ರು. ನೀವು ಯಂತ್ರ ಎತ್ತೋವಾಗ ಇಲ್ಲಿ ಕೆಳಗೆ ಒಬ್ಬರೇ ಕೈ ಆಡಿಸ್ತಾ ಇದ್ರು. ನಿಧಾನ, ನಿಧಾನ ಅಂತ. ಜನ ನೋಡ್ತಿದ್ರು."

ಇದನ್ನು ನಿನಗೆ ಬರೆಯಬಾರದಿತ್ತೇನೋ. ಬರೆದುಬಿಟ್ಟೆ.

ಈಗ ಗಮನವಿಟ್ಟು ಕೇಳು. ಅವನು ಮಂಗಳವಾರದ ರೈಲಿಗೆ ನಿಮ್ಮಲ್ಲಿಗೆ ಹೊರಟಿದ್ದಾನೆ. ಹೆರಿಗೆಯ ಹೊತ್ತಿಗೆ ಅಳಿಯ ಇಲ್ಲದಿದ್ದರೆ ಕಾರು ಓಡಿಸಲು ಯಾರಾದರೂ ಬೇಕು, ಬಾ ಅಣ್ಣ ಎಂದು ನೀನೇ ಕರೆದಿದ್ದೆ. ಅದೊಂದನ್ನೇ ಹಿಡಿದುಕೊಂಡು ಕೂತಿದ್ದಾನೆ. ಕ್ರೇನಿನ ಕೆಲಸ ಹೋದರೆ ಹೋಗಲಿ, ತಂಗಿಗೆ ನಾನು ಬೇಕು ಎಂದು. ಎರಡು ದಿನದಿಂದ ಕನ್ನಡಕ ಒರೆಸಿ ಒರೆಸಿ ಇಡುತ್ತಿದ್ದಾನೆ, ನಿಮ್ಮೂರಿನ ಆಸ್ಪತ್ರೆಗೆ ಯಾವ ರಸ್ತೆ ಹತ್ತಿರ ಎಂದು ಫೋನಿನಲ್ಲಿ ನೋಡಿಟ್ಟುಕೊಂಡಿದ್ದಾನೆ. ಬೇಡ ಎನ್ನಲು ಬಾಯಿ ತೆರೆದೆ. "ಅಲ್ಲೂ ನಾನು ಬೇಡವಾ?" ಎಂದ. ಬರಲಿ ಅವನು. ಬರಬೇಕು. ಇಲ್ಲಿ ಖಾಲಿ ಮನೆಯಲ್ಲಿ ಒಬ್ಬನೇ ಒಲೆಯ ಮುಂದೆ ನಿಲ್ಲುವುದಕ್ಕಿಂತ ನಿನ್ನ ಕಣ್ಣಮುಂದೆ ಇರುವುದು ಮೇಲು. ಆದರೆ ಕಾರು ಅವನ ಕೈಗೆ ಸಿಗಕೂಡದು. ನಮ್ಮ ಮಗಳು, ಅವಳ ಹೊಟ್ಟೆಯಲ್ಲಿರುವ ಜೀವ, ನೀನು, ಮೂವರೂ ಒಂದೇ ಕಾರಿನಲ್ಲಿ, ಸ್ಟಿಯರಿಂಗ್ ಅವನ ಕೈಯಲ್ಲಿ. ಈ ಚಿತ್ರ ಕಣ್ಣಿಗೆ ಬಂದಾಗೆಲ್ಲ ನಾನು ಎದ್ದು ಓಡಾಡುತ್ತೇನೆ. ಈಗಲೂ ಓಡಾಡಿ ಬಂದು ಕೂತು ಬರೆಯುತ್ತಿದ್ದೇನೆ.

ಇವತ್ತೇ ಕೀಲಿ ತೆಗೆದು ಬೇರೆಯವರ ಮನೆಯಲ್ಲಿಡು. ಕಾರು ಕೆಟ್ಟಿದೆ ಅನ್ನು, ಅಳಿಯ ಕೀಲಿ ತೆಗೆದುಕೊಂಡು ಹೋಗಿದ್ದಾನೆ ಅನ್ನು, ಏನಾದರೂ ಅನ್ನು. ಎದುರುಮನೆಯ ಟೀಚರಿಗೆ ಓಡಿಸಲು ಬರುತ್ತದೆ ಎಂದಿದ್ದೆಯಲ್ಲ, ಅವರಿಗೆ ಹೇಳಿಟ್ಟಿರು. ಮಗಳನ್ನು ಡಾಕ್ಟರಿಗೆ ತೋರಿಸಲು ಹೋದಾಗ ಅವನನ್ನೂ ಜೊತೆಗೆ ಕರೆದುಕೊಂಡು ಹೋಗು. ಅಣ್ಣಾ, ಹೇಗೂ ಬಂದಿದ್ದೀವಿ, ನಿನ್ನ ಬಿಪಿ ಒಂದು ನೋಡಿಸಿಬಿಡೋಣ ಅನ್ನು. ಡಾಕ್ಟರಿಗೆ ಒಳಗೆ ಹೋಗಿ ನಾನು ಮೇಲೆ ಬರೆದದ್ದನ್ನೆಲ್ಲ ಹೇಳು. ನನ್ನ ಮಾತನ್ನು ಅವನು ಇನ್ನು ಕೇಳುವುದಿಲ್ಲ. ನಿನ್ನ ಮಾತನ್ನು ಯಾವತ್ತೂ ತೆಗೆದುಹಾಕಿದವನಲ್ಲ.

ಮಗು ಹುಟ್ಟಿದ ಮೇಲೆ ಅವನ ಕೈಗೆ ಕೊಡು. ಹೆದರಿ ಕೊಡದೇ ಇರಬೇಡ, ಅದು ಅವನಿಗೆ ತಕ್ಷಣ ತಿಳಿದುಬಿಡುತ್ತದೆ. ಮಂಚದ ಮೇಲೆ ಕೂರಿಸಿ ಕೊಡು, ನೀನು ಮಗ್ಗುಲಲ್ಲೇ ಕೂತಿರು, ಅಷ್ಟೇ.

ಗಾಳಿ ಮತ್ತೆ ಎದ್ದಿದೆ. ಕಿಟಕಿಯಿಂದ ನೋಡಿದರೆ ಕ್ರೇನಿನ ತೋಳು ಸುಮ್ಮನೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳುತ್ತಿದೆ. ಇನ್ನೆರಡು ವಾರಕ್ಕೆ ಅದೂ ಇರುವುದಿಲ್ಲ. ಕಳಚುವ ಕೆಲಸ ಮುಗಿದ ದಿನವೇ ನಾನು ಹೊರಟು ಬರುತ್ತೇನೆ. ಅಷ್ಟರಲ್ಲಿ ಮಗು ಬಂದರೆ ಮೊದಲು ನನಗೆ ಹೇಳು, ಆಮೇಲೆ ಬೀದಿಗೆಲ್ಲ ಹೇಳಿಕೋ. ಮಗಳ ತಲೆ ಸವರಿ ಅಪ್ಪ ಹರಸಿದ್ದಾನೆ ಎಂದು ಹೇಳು. ಹೆರಿಗೆ ಹೂವೆತ್ತಿದಷ್ಟು ಹಗುರವಾಗಲಿ ಅವಳಿಗೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲರನ್ನೂ ನೋಡಿಕೊಳ್ಳುವ ಗಡಿಬಿಡಿಯಲ್ಲಿ ನೀನು ಒಣಗಿಕೊಂಡು ಕೂತರೆ ನಾನು ಸುಮ್ಮನಿರುವುದಿಲ್ಲ.

ನಿನ್ನ,
ಇವರು

ತಾ.ಕ.: ಲಕೋಟೆಗೆ ಹಾಕಿ ಮತ್ತೆ ಹೊರಗೆ ತೆಗೆದೆ. ಒಂದು ಮಾತು ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ.

ಇವತ್ತು ಊಟ ಮುಗಿದರೂ ಅವನು ಕೈ ತೊಳೆಯದೆ ಹಾಗೇ ಕೂತಿದ್ದ. ಆಮೇಲೆ "ನೀವು" ಬಿಟ್ಟು ಎಂದಿನ ಹಾಗೆ ಕೇಳಿದ, "ಒಂದು ಕೇಳ್ತೀನಿ, ನಡೆಸಿಕೊಡ್ತೀಯಾ?" ಹೇಳು ಭಾವ ಎಂದೆ.

"ತಂಗಿಗೆ ಹೇಳ್ಬೇಡ ಕಣೋ. ಸೈಟಲ್ಲಿ ಎಲ್ಲರಿಗೂ ಗೊತ್ತಾಯ್ತು, ಆಗ್ಲಿ. ನೀನು ಹೇಳಿದ್ದು ಸರಿ ಅಂತಾನೇ ಇಟ್ಕೋ. ಆದ್ರೆ ಅವಳು... ಅಪ್ಪ ಅಮ್ಮ ಹೋದ್ಮೇಲೆ ನನ್ನ ಕೈ ಹಿಡ್ಕೊಂಡೇ ರಸ್ತೆ ದಾಟಿದವಳು. ಎಷ್ಟು ಗಾಡಿ ಬರ್ತಿದ್ರೂ ಆ ಕಡೆ ಈ ಕಡೆ ನೋಡ್ತಾನೇ ಇರ್ಲಿಲ್ಲ, ನನ್ನ ಮುಖ ನೋಡ್ಕೊಂಡು ದಾಟೋಳು. ಅವಳ ಹತ್ತಿರ ಅದೊಂದು ಇರ್ಲಿ ನನಗೆ."

ನಾನು ಹೇಳಲ್ಲ ಎಂದೆ. ಅವನ ಎಂಜಲು ಕೈಯ ಮೇಲೆ ಕೈಯಿಟ್ಟು ಹೇಳಿದೆ. ಆಣೆ ಮಾಡು ಎಂದೂ ಅವನು ಕೇಳಲಿಲ್ಲ. ಬುಧವಾರದಿಂದ ಕಣ್ಣು ಮುಚ್ಚದವನು ಎದ್ದು ಹೋಗಿ ಮಲಗಿದ. ನಿದ್ದೆ ಬಂದಿತೇ ಎಂದು ಬಾಗಿಲಲ್ಲಿ ನಿಂತು ನೋಡಿ, ಬಂದಿದೆ ಎಂದು ಖಾತ್ರಿಯಾದ ಮೇಲೆ ನಾನು ಈ ಕಾಗದ ಬರೆಯಲು ಕೂತೆ.